ಅಂಗಳದ ಕೋಳಿಯ ಹಳದಿ ಕಾಲು

ಬೆಳಿಗ್ಗೆ ಗೂಡಿನ ಬಾಗಿಲು ತೆರೆದಾಗ ಹೊರಗೆ ಓಡಿ ಬರುವ ಕೋಳಿಗಳ ಗರಿಯ ಬಣ್ಣವನ್ನು ಎಲ್ಲರೂ ನೋಡುತ್ತಾರೆ. ಕಾಲಿನ ಬಣ್ಣವನ್ನು ನೋಡುವವರು ಕಡಿಮೆ. ಒಂದೇ ಗೂಡಿನಲ್ಲಿ, ಒಂದೇ ತೌಡು ನುಚ್ಚು ತಿಂದು ಬೆಳೆದ ಕೋಳಿಗಳಲ್ಲಿಯೂ ಒಂದರ ಕಾಲು ಅರಸಿನದಂತೆ ಹಳದಿ, ಇನ್ನೊಂದರದ್ದು ಬಿಳಿಚು, ಮತ್ತೊಂದರದ್ದು ಸ್ಲೇಟಿನಂತೆ ಬೂದು. ಇದೇಕೆ ಹೀಗೆ? ಮೇವಿನಿಂದ ಎಂದು ಹಲವರು ಹೇಳುತ್ತಾರೆ. ಅದು ಅರ್ಧ ಉತ್ತರ. ಇನ್ನರ್ಧ ಉತ್ತರ ವಿಜ್ಞಾನಿಗಳಿಗೆ ಸಿಕ್ಕಿದ್ದು 2008ರಲ್ಲಿ, ಮತ್ತು ಅದು ನಮ್ಮ ಘಟ್ಟದ ಕಾಡಿಗೇ ಬಂದು ಮುಟ್ಟುತ್ತದೆ. ಈ ಸಲ ಅಡಿಕೆ, ಕರಿಮೆಣಸುಗಳ ಮಾತನ್ನು ಬದಿಗಿಟ್ಟು ಈ ಕಾಲಿನ ಜಾಡನ್ನು ಹಿಡಿದು ಹೋಗೋಣ. ಕೊನೆಗೆ ಅದು ನಮ್ಮ ಮನೆಗಳ ಹೆಂಗಸರ ಮೊಟ್ಟೆ ಹಣದ ವಿಚಾರಕ್ಕೇ ಬರುತ್ತದೆ.

ಮೊದಲು ಮೇವಿನ ಮಾತು. ಜೋಳ, ಹಸಿರು ಹುಲ್ಲು, ಸೊಪ್ಪು ಇವುಗಳಲ್ಲಿ ಕ್ಯಾರೊಟಿನಾಯ್ಡ್ ಎಂಬ ಹಳದಿ ಬಣ್ಣದ ಪದಾರ್ಥವಿದೆ. ಪಪ್ಪಾಯಿಗೂ ಚೆಂಡುಹೂವಿಗೂ ಬಣ್ಣ ಕೊಡುವುದು ಇದೇ ಬಳಗದ್ದು. ಕೋಳಿ ಇದನ್ನು ತಾನಾಗಿ ತಯಾರಿಸಲಾರದು, ತಿಂದೇ ಪಡೆಯಬೇಕು. ತಿಂದದ್ದು ರಕ್ತದ ಮೂಲಕ ಚರ್ಮಕ್ಕೆ, ಕಾಲಿಗೆ, ಮೊಟ್ಟೆಯ ಅರಸಿನಕ್ಕೆ ಹೋಗುತ್ತದೆ. ಹೇಂಟೆ ಚೆನ್ನಾಗಿ ಮೊಟ್ಟೆಯಿಡುವ ತಿಂಗಳುಗಳಲ್ಲಿ ಬಣ್ಣವೆಲ್ಲ ಮೊಟ್ಟೆಗೆ ಹೋಗಿ ಕಾಲು ಬಿಳಿಚಿಕೊಳ್ಳುತ್ತದೆ. ಮೊಟ್ಟೆ ನಿಂತ ಮೇಲೆ ಮರಳಿ ಹಳದಿಯಾಗುತ್ತದೆ. ಹಿರಿಯ ಹೆಂಗಸರು ಕಾಲು ನೋಡಿ ‘ಇದು ಮೊಟ್ಟೆಯಿಡುವ ಕೋಳಿ’ ಎಂದು ಹೇಳುವುದರಲ್ಲಿ ಹುರುಳಿದೆ. ಆದರೆ ಕೆಲವು ಕೋಳಿಗಳಿಗೆ ಎಷ್ಟೇ ಜೋಳ ಹಾಕಿದರೂ ಕಾಲು ಹಳದಿಯಾಗುವುದೇ ಇಲ್ಲ. ಅಂದ ಮೇಲೆ ಕಾರಣ ಮೇವಿನಲ್ಲಿ ಮಾತ್ರ ಇಲ್ಲ, ರಕ್ತಸಂಬಂಧದಲ್ಲಿಯೂ ಇದೆ.

ರಕ್ತಸಂಬಂಧದ ಲೆಕ್ಕವನ್ನು ಮೊದಲು ಬಿಡಿಸಿದವರು ಸಂತ ಆಗಸ್ಟೀನರ ಸಭೆಯ ಒಬ್ಬ ಸನ್ಯಾಸಿ, ಗ್ರೆಗೋರ್ ಮೆಂಡಲ್. ಇಂದಿನ ಚೆಕ್ ದೇಶದ ಬ್ರನೋ ನಗರದ ಮಠದ ತೋಟದಲ್ಲಿ ಬಟಾಣಿ ಗಿಡಗಳನ್ನು ಅಡ್ಡಹಾಯಿಸಿ, ಬಂದ ಬೀಜಗಳನ್ನು ಒಂದೊಂದಾಗಿ ಎಣಿಸಿ, 1866ರಲ್ಲಿ ಅವರು ತಮ್ಮ ಪ್ರಬಂಧವನ್ನು ಅಚ್ಚು ಹಾಕಿಸಿದರು. ಮೂವತ್ತನಾಲ್ಕು ವರ್ಷ ಅದನ್ನು ಕೇಳುವವರಿರಲಿಲ್ಲ. 1900ರಲ್ಲಿ ಅದು ಮತ್ತೆ ಬೆಳಕಿಗೆ ಬಂದಿತು. ಎರಡೇ ವರ್ಷಗಳಲ್ಲಿ, 1902ರಲ್ಲಿ, ಇಂಗ್ಲೆಂಡಿನ ವಿಲಿಯಂ ಬೇಟ್ಸನ್ ಎಂಬವರು ಈ ಲೆಕ್ಕ ಗಿಡಗಳಿಗೆ ಮಾತ್ರವಲ್ಲ, ಪ್ರಾಣಿಗಳಿಗೂ ಸರಿಹೊಂದುತ್ತದೆಂದು ತೋರಿಸಿದರು. ಅದಕ್ಕಾಗಿ ಅವರು ಆರಿಸಿಕೊಂಡದ್ದು ಕೋಳಿಯ ನೆತ್ತಿಯ ಕೆಂಪು ಜುಟ್ಟನ್ನು.

ಲೆಕ್ಕ ಕಷ್ಟದ್ದಲ್ಲ. ಜೀವಿಯ ಪ್ರತಿಯೊಂದು ಗುಣಕ್ಕೂ ದೇಹದೊಳಗೆ ಬರೆದಿಟ್ಟ ಸೂಚನೆಗಳಿವೆ. ಅವುಗಳಿಗೆ ವಂಶವಾಹಿಗಳು ಎನ್ನುತ್ತೇವೆ. ಒಂದೇ ಸಾರಿಗೆ ಅಮ್ಮನ ತವರಿನ ಕ್ರಮ ಒಂದು, ಅಪ್ಪನ ಮನೆಯ ಕ್ರಮ ಇನ್ನೊಂದು ಇರುವ ಹಾಗೆ, ಪ್ರತಿ ಸೂಚನೆಗೂ ಎರಡು ಪ್ರತಿಗಳು: ಒಂದು ಹೇಂಟೆಯಿಂದ, ಒಂದು ಹುಂಜದಿಂದ. ಬಿಳಿಗಾಲಿನ ಸೂಚನೆ ಚರ್ಮದಲ್ಲಿ ಒಂದು ಕಿಣ್ವವನ್ನು ತಯಾರಿಸುತ್ತದೆ. ಆ ಕಿಣ್ವ ಹಳದಿ ಪದಾರ್ಥವನ್ನು ಕತ್ತರಿಸಿ ಹಾಕುತ್ತದೆ. ಎರಡು ಪ್ರತಿಗಳಲ್ಲಿ ಒಂದು ಕೆಲಸ ಮಾಡಿದರೂ ಸಾಕು, ಕಾಲು ಹಳದಿಯಾಗದು. ಎರಡೂ ಪ್ರತಿಗಳು ಚರ್ಮದಲ್ಲಿ ಸುಮ್ಮನಿದ್ದರೆ ಮಾತ್ರ ತಿಂದ ಬಣ್ಣ ಹಾಗೆಯೇ ಉಳಿದು ಕಾಲು ಹಳದಿಯಾಗುತ್ತದೆ. ಆದ್ದರಿಂದ ಬಿಳಿಗಾಲಿನ ಹೇಂಟೆಗೂ ಬಿಳಿಗಾಲಿನ ಹುಂಜಕ್ಕೂ ಹಳದಿಗಾಲಿನ ಮರಿ ಹುಟ್ಟಬಹುದು. ಇಬ್ಬರಲ್ಲಿಯೂ ಒಂದೊಂದು ಸುಮ್ಮನಿರುವ ಪ್ರತಿ ಅಡಗಿದ್ದರೆ ಸರಾಸರಿ ನಾಲ್ಕರಲ್ಲೊಂದು ಮರಿ ಹಾಗಿರುತ್ತದೆ. ಪಕ್ಕದ ಮನೆಯ ಹುಂಜದ ಮೇಲೆ ಸಂಶಯ ಪಡಬೇಕಾಗಿಲ್ಲ!

ಬಂದ ದಾರಿಯಲ್ಲಿಯೇ ಇನ್ನೊಂದು ಮಾತು. ಮನುಷ್ಯರಲ್ಲಿ ಮಗು ಗಂಡೋ ಹೆಣ್ಣೋ ಎಂಬುದು ತಂದೆಯ ಕಡೆಯಿಂದ ಬರುವ ವರ್ಣತಂತುವಿನಿಂದ ತೀರ್ಮಾನವಾಗುತ್ತದೆ. ಕೋಳಿಗಳಲ್ಲಿ ಇದು ತಿರುವುಮುರುವು, ಅಲ್ಲಿ ತೀರ್ಮಾನ ಹೇಂಟೆಯದು. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಸೊಸೆಯನ್ನು ದೂರುವವರು ನಮ್ಮ ನಡುವೆ ಇನ್ನೂ ಇದ್ದಾರೆ. ಅವರು ಕೋಳಿಯ ಶಾಸ್ತ್ರವನ್ನು ಮನುಷ್ಯರಿಗೆ ಹಚ್ಚುತ್ತಿದ್ದಾರೆ.

ಈಗ ಹಳದಿ ಕಾಲು ಎಲ್ಲಿಂದ ಬಂದಿತೆಂದು ನೋಡೋಣ. ಪ್ರಪಂಚದಲ್ಲಿ ಕಾಡುಕೋಳಿಗಳು ನಾಲ್ಕು ಜಾತಿ. ಕೆಂಪು ಕಾಡುಕೋಳಿ ಉತ್ತರ ಭಾರತದಿಂದ ಆಗ್ನೇಯ ಏಷ್ಯಾದವರೆಗೆ ಹಬ್ಬಿದೆ. ಬೂದು ಕಾಡುಕೋಳಿ ಭಾರತದಲ್ಲಿ ಮಾತ್ರ, ಅದರಲ್ಲಿಯೂ ಮುಖ್ಯವಾಗಿ ಗೋದಾವರಿಯಿಂದ ಕೆಳಗಿನ ದಕ್ಷಿಣದ ಕಾಡುಗಳಲ್ಲಿ ಇದೆ. ಸಿಂಹಳದಲ್ಲೊಂದು, ಜಾವಾ ಕಡೆ ಇನ್ನೊಂದು. ಚಾರ್ಲ್ಸ್ ಡಾರ್ವಿನ್ 1868ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಪ್ರಪಂಚದ ಸಾಕುಕೋಳಿಗಳೆಲ್ಲವೂ ಕೆಂಪು ಕಾಡುಕೋಳಿ ಒಂದರಿಂದಲೇ ಬಂದವೆಂದು ವಾದಿಸಿದರು. ನೂರಕ್ಕೂ ಹೆಚ್ಚು ವರ್ಷ ವಿದ್ವಾಂಸರು ಅದನ್ನೇ ಒಪ್ಪಿದ್ದರು. 2004ರಲ್ಲಿ ಕೋಳಿಯ ವಂಶವಾಹಿಗಳ ಪೂರ್ಣ ಬರೆಹವನ್ನು ಓದಲಾಯಿತು. ಸುಮಾರು ನೂರು ಕೋಟಿ ಅಕ್ಷರಗಳ ಗ್ರಂಥ ಅದು. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾನಿಲಯದ ಲೇಫ್ ಆಂಡರ್ಸನ್ ಅವರ ತಂಡ ಹಳದಿ ಕಾಲಿನ ವಂಶವಾಹಿಯನ್ನು ಹುಡುಕಿ, ಅದರ ಅಕ್ಷರಗಳನ್ನು ಕಾಡುಕೋಳಿಗಳ ಅಕ್ಷರಗಳ ಪಕ್ಕದಲ್ಲಿಟ್ಟು ನೋಡಿತು. 2008ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಬಿಳಿಗಾಲಿನ ಪ್ರತಿ ಕೆಂಪು ಕಾಡುಕೋಳಿಯದು. ಹಳದಿಗಾಲಿನ ಪ್ರತಿ ಅದರದ್ದಲ್ಲ. ಅದು ಬೂದು ಕಾಡುಕೋಳಿಯದು. ಡಾರ್ವಿನ್ ಹೇಳಿದ್ದು ಹೆಚ್ಚಿನ ಮಟ್ಟಿಗೆ ಸರಿ, ಪೂರ್ತಿ ಸರಿಯಲ್ಲ.

ಬೂದು ಕಾಡುಕೋಳಿ ಎಂದರೆ ವಯನಾಡಿನವರಿಗೂ ಕಾಸರಗೋಡಿನ ಮೂಡಣ ಘಟ್ಟದ ತಪ್ಪಲಿನವರಿಗೂ ಗುರುತಿನ ಹಕ್ಕಿ. ಬೆಳಗಿನ ಜಾವ ಗುಡ್ಡದ ಪೊದೆಯಿಂದ ಒಡೆದ ದನಿಯಲ್ಲಿ ಕೂಗುವುದು ಅದೇ. ಹುಂಜದ ಕುತ್ತಿಗೆಯ ಗರಿಗಳ ಮೇಲೆ ಮೇಣ ಅಂಟಿಸಿದಂತೆ ಬಿಳಿ ಹಳದಿ ಚುಕ್ಕೆಗಳಿರುತ್ತವೆ. ಒಂದು ಕಾಲದಲ್ಲಿ ಈ ಗರಿಗಳು ವಿಲಾಯತಿಯವರ ಮೀನುಗಾಳದ ಶೃಂಗಾರಕ್ಕೆಂದು ಹಡಗು ಹತ್ತುತ್ತಿದ್ದವು. ಸಾಕುಕೋಳಿ ದಕ್ಷಿಣ ಭಾರತಕ್ಕೆ ಬಂದ ಮೇಲೆ ಕಾಡಂಚಿನ ಯಾವುದೋ ಹಳ್ಳಿಯಲ್ಲಿ ಮನೆಯ ಹೇಂಟೆಯೂ ಗುಡ್ಡದ ಹುಂಜವೂ ಕೂಡಿರಬೇಕು. ಬೂದು ಕೋಳಿ ಬೇರೆ ದೇಶದ ಕಾಡಿನಲ್ಲಿ ಇಲ್ಲವಾದ್ದರಿಂದ ಬಹುಮಟ್ಟಿಗೆ ಇದು ನಮ್ಮ ನೆಲದಲ್ಲಿಯೇ ನಡೆದ ಸಂಗತಿ. ಆ ಒಂದು ಚೂರು ಬರೆಹ ಮನುಷ್ಯರ ಕೈಯಿಂದ ಕೈಗೆ ದಾಟುತ್ತಾ, ಇವತ್ತು ಲೋಕದ ವ್ಯಾಪಾರೀ ಕೋಳಿಗಳಲ್ಲಿ ಬಹುಪಾಲಿನ ಕಾಲಿನಲ್ಲಿದೆ. ಅಮೆರಿಕದ ಅಂಗಡಿಯಲ್ಲಿ ತೂಗುವ ಹಳದಿ ಚರ್ಮದ ಕೋಳಿಯಲ್ಲಿಯೂ ನಮ್ಮ ಘಟ್ಟದ ಪಾಲಿದೆ ಎಂದ ಹಾಗಾಯಿತು.

ಉಳಿದ ಗ್ರಂಥ ಬಹುಮಟ್ಟಿಗೆ ಕೆಂಪು ಕಾಡುಕೋಳಿಯದು. ಅದು ಎಲ್ಲಿಯ ಕೆಂಪು ಕೋಳಿ ಎಂಬುದು ತಿಳಿದದ್ದು 2020ರಲ್ಲಿ. 863 ಕೋಳಿಗಳ ವಂಶವಾಹಿಗಳನ್ನು ಹೋಲಿಸಿದಾಗ, ಮೂಲ ಚೀನಾದ ನೈಋತ್ಯ ಮೂಲೆ, ಬರ್ಮಾ ಮತ್ತು ಉತ್ತರ ಥಾಯ್ಲೆಂಡ್ ಸೀಮೆಯ ಒಂದು ಉಪಜಾತಿಯೆಂದು ಗೊತ್ತಾಯಿತು. ಎಂದಿನಿಂದ ಎಂಬ ಪ್ರಶ್ನೆಗೆ 2022ರಲ್ಲಿ ಉತ್ತರ ಬಂದಿತು. 89 ದೇಶಗಳ 600ಕ್ಕೂ ಹೆಚ್ಚು ಸ್ಥಳಗಳಲ್ಲಿ ಸಿಕ್ಕ ಮೂಳೆಗಳ ದಾಖಲೆಗಳನ್ನು ಪುನಃ ಪರಿಶೀಲಿಸಿದಾಗ, ಖಚಿತವಾಗಿ ಸಾಕುಕೋಳಿಯದೆನ್ನಬಹುದಾದ ಅತ್ಯಂತ ಹಳೆಯ ಮೂಳೆ ಮಧ್ಯ ಥಾಯ್ಲೆಂಡಿನ ಬಾನ್ ನಾನ್ ವಾಟ್ ಎಂಬಲ್ಲಿಯದು, ಕ್ರಿ.ಪೂ. 1650ರಿಂದ 1250ರ ನಡುವಿನದು ಎಂದು ಕಂಡುಬಂದಿತು. ಅದಕ್ಕೂ ಮೊದಲು ಎಂಟು ಹತ್ತು ಸಾವಿರ ವರ್ಷಗಳ ಮಾತನ್ನು ಪುಸ್ತಕಗಳು ಹೇಳುತ್ತಿದ್ದವು.

ಕಾರಣವೂ ನಮಗೆ ಪರಿಚಿತವಾದದ್ದೇ: ಭತ್ತ. ಗುಡ್ಡ ಕಡಿದು ಮಳೆನೀರಿಗೆ ಭತ್ತ ಬಿತ್ತುವ ಬೇಸಾಯ ಅಲ್ಲಿ ಶುರುವಾದಾಗ ಉದುರಿದ ಕಾಳಿಗಾಗಿ ಕಾಡುಕೋಳಿ ಕಣಕ್ಕೆ ಬಂದಿತು. ಮನುಷ್ಯರು ಹಿಡಿದು ತಂದದ್ದಕ್ಕಿಂತ ಅದೇ ಮನೆ ಹುಡುಕಿಕೊಂಡು ಬಂದದ್ದು ಹೆಚ್ಚು. ಅಂಜದೆ ಹತ್ತಿರ ಬಂದದ್ದಕ್ಕೆ ಹೆಚ್ಚು ಕಾಳು, ಹೆಚ್ಚು ಮರಿ. ಅಂಜಿ ಓಡಿದ್ದು ಕಾಡಿನಲ್ಲಿಯೇ ಉಳಿಯಿತು. ಹೀಗೆ ತಲೆಮಾರಿನಿಂದ ತಲೆಮಾರಿಗೆ ಸ್ವಭಾವ ಬದಲಾಯಿತು. ಜೀವವಿಕಾಸ ಎಂಬ ದೊಡ್ಡ ಪದದ ಒಳಗಿರುವ ಕೆಲಸ ಇದೇ. ಇದು ಆದಿಕಾಂಡಕ್ಕೆ ವಿರುದ್ಧವಲ್ಲವೇ ಎಂದು ಯುವಕರು ಕೇಳುವುದುಂಟು. 1996ರ ಅಕ್ಟೋಬರಿನಲ್ಲಿ ಜಗದ್ಗುರು ದ್ವಿತೀಯ ಜಾನ್ ಪಾಲರು ತಮ್ಮ ವಿಜ್ಞಾನ ಅಕಾಡೆಮಿಗೆ ಬರೆದ ಸಂದೇಶದಲ್ಲಿ, ವಿಕಾಸವಾದವು ಈಗ ಬರೀ ಊಹೆಯ ಹಂತವನ್ನು ದಾಟಿದೆ ಎಂದು ಒಪ್ಪಿಕೊಂಡಿದ್ದಾರೆ. ಸೃಷ್ಟಿಕರ್ತ ಯಾರು ಎಂಬುದು ಆದಿಕಾಂಡದ ಮಾತು. ಕೋಳಿಯ ಕಾಲು ಹೇಗೆ ಹಳದಿಯಾಯಿತೆಂದು ಅದು ಹೇಳ ಹೊರಟಿಲ್ಲ.

ಪವಿತ್ರ ಬೈಬಲ್ಲನ್ನು ಓದುವವರಿಗೆ ಇಲ್ಲಿ ಒಂದು ಸ್ವಾರಸ್ಯವಿದೆ. ಹಳೆಯ ಒಡಂಬಡಿಕೆಯಲ್ಲಿ ಕುರಿ, ದನ, ಕತ್ತೆ, ಪಾರಿವಾಳಗಳ ಮಾತು ಎಷ್ಟು ಬೇಕಾದರೂ ಇದೆ, ಕೋಳಿಯದು ಇಲ್ಲವೆನ್ನುವಷ್ಟು ಕಡಿಮೆ. ಶುಭಸಂದೇಶಗಳಿಗೆ ಬಂದರೆ ಪೇತ್ರನ ಕಿವಿಗೆ ಕೋಳಿ ಕೂಗುತ್ತದೆ. ಇಸ್ರಾಯೇಲಿನ ಮರೇಷಾ ಎಂಬಲ್ಲಿ ಅಗೆದಾಗ ಕ್ರಿ.ಪೂ. ನಾಲ್ಕರಿಂದ ಎರಡನೆಯ ಶತಮಾನದ ಮಣ್ಣಿನಲ್ಲಿ ಕೋಳಿ ಮೂಳೆಗಳು ರಾಶಿಯಾಗಿ ಸಿಕ್ಕಿದವು. ಆ ನಾಡಿನಲ್ಲಿ ಕೋಳಿ ಸಾಕಣೆ ದೊಡ್ಡದಾಗಿ ನಡೆದದ್ದು ಆಗಿನಿಂದ. ಯೇಸುವಿನ ಕಾಲಕ್ಕೆ ಅದು ಅಂಗಳದ ಹಕ್ಕಿಯಾಗಿತ್ತು.

ಮಠಗಳೂ ಈ ಕತೆಯಲ್ಲಿ ಇನ್ನೊಮ್ಮೆ ಬರುತ್ತವೆ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಯೂರೋಪಿನ ಹಳೆಯ ಕೋಳಿ ಮೂಳೆಗಳ ವಂಶವಾಹಿಗಳನ್ನು ಕಾಲಕ್ರಮದಲ್ಲಿ ಜೋಡಿಸಿ ನೋಡಿದರು. ಇಂದು ಹೆಚ್ಚುಕಡಿಮೆ ಎಲ್ಲ ಸಾಕುಕೋಳಿಗಳಲ್ಲಿರುವ ಒಂದು ಬದಲಾವಣೆಯಿದೆ. ಕೋಳಿಗಳು ತಮ್ಮತಮ್ಮಲ್ಲಿ ಕಾದಾಡುವುದು ಕಡಿಮೆಯಾಗುವುದಕ್ಕೂ ಬೇಗ ಮೊಟ್ಟೆಗೆ ಬರುವುದಕ್ಕೂ ಅದರ ಸಂಬಂಧವಿದೆ. ಅದು ಹಬ್ಬತೊಡಗಿದ್ದು ಕೋಳಿ ಸಾಕಿದ ಆರಂಭದಲ್ಲಿ ಅಲ್ಲ, ಸುಮಾರು 1,100 ವರ್ಷಗಳ ಹಿಂದೆಯಷ್ಟೇ. ಆಗ ಯೂರೋಪಿನಲ್ಲಿ ಪಟ್ಟಣಗಳು ಬೆಳೆಯುತ್ತಿದ್ದವು, ಉಪವಾಸದ ನಿಯಮಗಳು ಬಿಗಿಯಾಗುತ್ತಿದ್ದವು. ಸಂತ ಬೆನೆಡಿಕ್ಟರ ನಿಯಮ ರೋಗಿಗಳನ್ನುಳಿದು ಬೇರೆಯವರಿಗೆ ನಾಲ್ಕು ಕಾಲಿನ ಪ್ರಾಣಿಗಳ ಮಾಂಸವನ್ನು ನಿಷೇಧಿಸುತ್ತದೆ. ಕೋಳಿಗೆ ಎರಡೇ ಕಾಲು! ಕೋಳಿಗೂ ಮೊಟ್ಟೆಗೂ ಬೇಡಿಕೆ ಏರಿತು, ಒತ್ತಾಗಿ ಕೂಡಿಹಾಕಿದರೂ ಜಗಳವಾಡದ ಕೋಳಿಗಳು ಉಳಿದುಕೊಂಡವು ಎಂದು ಸಂಶೋಧಕರು ಊಹಿಸುತ್ತಾರೆ. ಸನ್ಯಾಸಿಗಳ ಊಟದ ನಿಯಮ ಕೋಳಿಯ ವಂಶವಾಹಿಯಲ್ಲಿ ಗುರುತು ಬಿಟ್ಟಿತೆಂಬುದನ್ನು ಓದಿದಾಗ ನಮಗೆ ನಗು ಬಂದಿತು, ಆಶ್ಚರ್ಯವೂ ಆಯಿತು.

ಇಷ್ಟೆಲ್ಲ ಆದರೂ ಒಂದು ಗುಣ ಮೂರು ಸಾವಿರ ವರ್ಷ ಮಾಸದೆ ಉಳಿದಿತ್ತು. ಅದು ಕಾವು ಕೂರುವ ಗುಣ. ಕಾಡುಕೋಳಿ ವರ್ಷಕ್ಕೆ ಹತ್ತು ಹದಿನೈದು ಮೊಟ್ಟೆಯಿಟ್ಟು ಮರಿ ಮಾಡುತ್ತದೆ. ನಮ್ಮ ಊರ ಕೋಳಿ ಅರುವತ್ತು ಎಂಬತ್ತರವರೆಗೆ ಇಟ್ಟು, ನಡುನಡುವೆ ಕಾವು ಕೂರುತ್ತದೆ. ಕಾವಿಗೆ ಬಂದ ಹೇಂಟೆಯ ಮೈಯಲ್ಲಿ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಏರುತ್ತದೆ (ಹೆತ್ತ ತಾಯಂದಿರಲ್ಲಿ ಹಾಲು ಬರಿಸುವುದೂ ಇದೇ) ಮತ್ತು ಮೊಟ್ಟೆ ನಿಲ್ಲುತ್ತದೆ. ಕಾವಿನ 21 ದಿನ, ಮರಿ ತಿರುಗಿಸುವ ಒಂದೆರಡು ತಿಂಗಳು, ಅಷ್ಟು ಕಾಲ ಮೊಟ್ಟೆಯಿಲ್ಲ. ಮೊಟ್ಟೆಯ ವ್ಯಾಪಾರಿಗೆ ಇದು ನಷ್ಟ. ಆದ್ದರಿಂದ ಹೆಚ್ಚು ಮೊಟ್ಟೆಯಿಡುವ ಹೇಂಟೆಗಳನ್ನೇ ಆರಿಸುತ್ತಾ ಹೋದಂತೆ ಬಿಳಿ ಲೆಗ್‌ಹಾರ್ನ್ ಮುಂತಾದ ತಳಿಗಳಲ್ಲಿ ಕಾವಿನ ಗುಣವೇ ಅಳಿಸಿಹೋಯಿತು. ವರ್ಷಕ್ಕೆ 300ರಷ್ಟು ಮೊಟ್ಟೆಯಿಡುವ ಆ ಕೋಳಿ ತನ್ನ ಒಂದು ಮೊಟ್ಟೆಯನ್ನೂ ಮರಿ ಮಾಡದು. ರೆಕ್ಕೆಯಡಿ ಮರಿಗಳನ್ನು ಸೇರಿಸಿಕೊಳ್ಳುವ ಕೋಳಿಯ ಹೋಲಿಕೆಯನ್ನು ಯೇಸು ಜೆರುಸಲೇಮಿಗಾಗಿ ಮರುಗಿದಾಗ ಬಳಸಿದರು. ಇಂಥ ಕೋಳಿಯನ್ನು ಮಾತ್ರ ಕಂಡು ಬೆಳೆದ ಮಗುವಿಗೆ ಅದನ್ನು ವಿವರಿಸಿ ಹೇಳಬೇಕಾಗುತ್ತದೆ.

ಸುಧಾರಿತ ಕೋಳಿಗಳು ಬೇಡವೆಂದು ನಾವು ಹೇಳುವುದಿಲ್ಲ. ಹೆಬ್ಬಾಳದ ಗಿರಿರಾಜ, ಹೈದರಾಬಾದಿನ ವನರಾಜ, ಗ್ರಾಮಪ್ರಿಯ, ಕೇರಳದ ಗ್ರಾಮಶ್ರೀ ಇವೆಲ್ಲ ಹಿತ್ತಿಲಿನಲ್ಲಿ ಬೆಳೆಯಲೆಂದೇ ತಯಾರಾದವು; ಎಷ್ಟೋ ಮನೆಗಳಿಗೆ ಅವುಗಳಿಂದ ಉಪಕಾರವಾಗಿದೆ. ಆದರೆ ಅವುಗಳಲ್ಲಿ ಹೆಚ್ಚಿನವು ಬೇರೆ ಬೇರೆ ತಳಿಗಳನ್ನು ಕೂಡಿಸಿದ ಮಿಶ್ರತಳಿಗಳು. ಮೆಂಡಲರ ಲೆಕ್ಕವನ್ನು ಇಲ್ಲಿ ನೆನೆಯಿರಿ. ಕೂಡಿಸಿದ ಪ್ರತಿಗಳು ಮುಂದಿನ ತಲೆಮಾರಿನಲ್ಲಿ ಮತ್ತೆ ಚದರುತ್ತವೆ. ಮರಿಗಳು ಒಂದೊಂದು ಒಂದೊಂದು ರೀತಿ. ತೂಕವೂ ಮೊಟ್ಟೆಯೂ ಇಳಿಯುತ್ತದೆ. ಅವುಗಳಲ್ಲಿ ಹಲವು ಕಾವು ಕೂರಲಾರವು. ಹಾಗಾಗಿ ಅವುಗಳ ಮರಿಗೆ ಪ್ರತಿ ಸಲವೂ ಕೇಂದ್ರಕ್ಕೆ ಹೋಗಬೇಕು, ಹಣ ಕೊಡಬೇಕು. ಅದಕ್ಕೆ ತಯಾರಿದ್ದರೆ ತೊಂದರೆಯಿಲ್ಲ.

ನಮ್ಮ ಆತಂಕ ಬೇರೆ. ಧರ್ಮಕೇಂದ್ರದ ಮನೆಗಳಿಗೆ ಭೇಟಿ ಕೊಟ್ಟಾಗ ನಾವು ಕಾಣುವುದು ಇದು: ತಂದ ಮಿಶ್ರತಳಿಯ ಹುಂಜ ದೊಡ್ಡದೆಂದು ಅದನ್ನೇ ಅಂಗಳದಲ್ಲಿ ಉಳಿಸಿ, ಊರ ಹುಂಜವನ್ನು ಹಬ್ಬದ ಸಾರಿಗೆ ಹಾಕುತ್ತಾರೆ. ಎರಡು ಮೂರು ತಲೆಮಾರು ಕಳೆದರೆ ಆ ಮನೆಯಲ್ಲಿ ಕಾವು ಕೂರುವ ಹೇಂಟೆ ಸಿಗುವುದು ಕಷ್ಟ. ಗಿಡುಗನ ನೆರಳು ಕಂಡೊಡನೆ ಮರಿಗಳನ್ನು ಕರೆದು ಅಡಗಿಸುವ, ಮರ ಹತ್ತಿ ಮಲಗುವ ಜಾಣ್ಮೆಯೂ ಹೋಗುತ್ತದೆ. ಇವನ್ನು ಯಾವ ಅಂಗಡಿಯಲ್ಲಿಯೂ ಮಾರುವುದಿಲ್ಲ. ನೆರೆಯ ತಲಶ್ಶೇರಿ ಸೀಮೆಯ ಕಪ್ಪು ಕೋಳಿಯನ್ನು ಕರ್ನಾಲಿನ ರಾಷ್ಟ್ರೀಯ ಸಂಸ್ಥೆ ಪ್ರತ್ಯೇಕ ತಳಿಯೆಂದು ದಾಖಲು ಮಾಡಿಕೊಂಡಿದೆ. ದಾಖಲೆಯಿಲ್ಲದ ನಮ್ಮ ಅಂಗಳದ ಕೋಳಿಗಳನ್ನು ಉಳಿಸುವವರು ನಾವೇ.

ಬೋಳು ಕುತ್ತಿಗೆಯ ಕೋಳಿಯನ್ನು ಕುರೂಪಿಯೆಂದು ಮೊದಲು ಕೊಯ್ಯುವವರಿದ್ದಾರೆ. ಅದಕ್ಕೆ ಕಾರಣವಾದ ವಂಶವಾಹಿಯನ್ನು 2011ರಲ್ಲಿ ಗುರುತಿಸಲಾಯಿತು. ಗರಿ ಕಡಿಮೆಯಿರುವುದರಿಂದ ಮೈಯ ಬಿಸಿ ಬೇಗ ಹೊರಹೋಗಿ, ಸೆಕೆಯ ದಿನಗಳಲ್ಲಿ ಅದು ಇತರ ಕೋಳಿಗಳಿಗಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ. ಬರಬರುತ್ತಾ ಏರುತ್ತಿರುವ ನಮ್ಮ ಬೇಸಿಗೆಗೆ ಅಂಥದ್ದೊಂದು ಗೂಡಿನಲ್ಲಿರಲಿ.

ಹುಂಜದ ಆಯ್ಕೆಯಲ್ಲಿ ನಮ್ಮವರು ಬಣ್ಣಕ್ಕೆ ಕೊಡುವ ಬೆಲೆ ಹೆಚ್ಚು. ಕೋಳಿ ಅಂಕಕ್ಕೆ ಹೋಗುವವರಂತೂ ಒಂದೊಂದು ಬಣ್ಣಕ್ಕೆ ಒಂದೊಂದು ಹೆಸರಿಟ್ಟಿದ್ದಾರೆ. ಅಂಕವನ್ನು ನಾವು ಮೆಚ್ಚುವವರಲ್ಲ. ಗೂಡಿನ ಹುಂಜವನ್ನು ಬಣ್ಣ ನೋಡಿ ಅಲ್ಲ, ಅದರ ತಾಯಿಯನ್ನು ನೋಡಿ ಆರಿಸಿ. ಚೆನ್ನಾಗಿ ಮೊಟ್ಟೆಯಿಟ್ಟು, ನಿಷ್ಠೆಯಿಂದ ಕಾವು ಕೂತು, ಹೆಚ್ಚು ಮರಿಗಳನ್ನು ಗಿಡುಗ ಕೀರಿಗಳಿಂದ ಉಳಿಸಿದ ಹೇಂಟೆಯ ಮಗ ಹುಂಜವಾಗಲಿ. ಆದರೆ ಆ ಹುಂಜವನ್ನು ಅದೇ ಗೂಡಿನಲ್ಲಿ ಇಟ್ಟುಕೊಳ್ಳಬೇಡಿ. ತಂದೆ ಮಗಳು, ಅಣ್ಣ ತಂಗಿ ಕೂಡಿದಾಗ ಹುಟ್ಟುವ ಮರಿಯಲ್ಲಿ ಸರಾಸರಿ ನಾಲ್ಕರಲ್ಲೊಂದು ಪಾಲು ಸೂಚನೆಗಳ ಎರಡೂ ಪ್ರತಿಗಳು ಒಂದೇ ಹಿರಿಯನಿಂದ ಬಂದವಾಗಿರುತ್ತವೆ. ಅಡಗಿ ಕುಳಿತ ದೋಷಗಳು ಆಗ ಹೊರಗೆ ಬರುತ್ತವೆ. ಮೊಟ್ಟೆ ಒಡೆಯುವುದು ಕಡಿಮೆ, ಮರಿ ಸೊರಗುವುದು ಹೆಚ್ಚು. ‘ಈ ಸಲ ಮರಿ ಏಳಲೇ ಇಲ್ಲ’ ಎಂದು ದೃಷ್ಟಿ ತೆಗೆಸುವ ಮೊದಲು, ಆ ಗೂಡಿನ ಹುಂಜ ಎಷ್ಟು ವರ್ಷದ್ದೆಂದು ಕೇಳಿಕೊಳ್ಳುವುದು ಒಳ್ಳೆಯದು. ವರ್ಷಕ್ಕೊಮ್ಮೆ, ತಪ್ಪಿದರೆ ಎರಡು ವರ್ಷಕ್ಕೊಮ್ಮೆ, ದೂರದ ಮನೆಯವರೊಡನೆ ಹುಂಜವನ್ನು ಬದಲು ಮಾಡಿಕೊಳ್ಳಿ. ದುಡ್ಡಿನ ಖರ್ಚೇನಿಲ್ಲ. ಬಂದ ಹುಂಜವನ್ನು ಎರಡು ಮೂರು ವಾರ ಬೇರೆ ಗೂಡಿನಲ್ಲಿಟ್ಟು ರೋಗವಿಲ್ಲವೆಂದು ಖಾತ್ರಿಯಾದ ಮೇಲೆ ಮಾತ್ರ ಹೊರಗೆ ಬಿಡಿ.

ಕಾಡಂಚಿನ ಮನೆಯವರಿಗೆ ಇನ್ನೊಂದು ವಿನಂತಿ. 2023ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸಂಗ್ರಹಾಲಯಗಳ ಹಳೆಯ ಕೆಂಪು ಕಾಡುಕೋಳಿಗಳನ್ನು ಇಂದಿನ ಕಾಡುಕೋಳಿಗಳ ಜೊತೆ ಹೋಲಿಸಿದರು. ಕಳೆದ ನೂರು ವರ್ಷಗಳಲ್ಲಿ ಸಾಕುಕೋಳಿಯ ರಕ್ತ ಕಾಡಿನೊಳಗೆ ಬಹಳ ಬೆರೆತಿದೆಯೆಂದು ತಿಳಿಯಿತು. ಒಮ್ಮೆ ಕಾಡಿನಿಂದ ಮನೆಗೆ ಬಂದದ್ದು ಈಗ ಮನೆಯಿಂದ ಕಾಡಿಗೆ ಹರಿಯುತ್ತಿದೆ. ನಮ್ಮ ಬೂದು ಕೋಳಿಯ ಗತಿಯೂ ಹಾಗಾಗದಿರಲಿ. ಸಂಜೆಗೆ ಕೋಳಿಗಳನ್ನು ಗೂಡು ಸೇರಿಸಿ. ಪೊದೆಯಲ್ಲಿ ಕಂಡ ಕಾಡುಕೋಳಿ ಮೊಟ್ಟೆಯನ್ನು ತಂದು ಮನೆಯ ಹೇಂಟೆಯ ಅಡಿಗೆ ಇಡಬೇಡಿ. 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಅದು ಅಪರಾಧ ಕೂಡ.

ಮಿಕ್ಕದ್ದು ಕೊಕ್ಕರೆ ರೋಗದ ಮಾತು. ಊರ ಕೋಳಿ ಗಟ್ಟಿ, ಅದಕ್ಕೆ ಲಸಿಕೆ ಬೇಡವೆಂಬ ನಂಬಿಕೆ ತಪ್ಪು. ಒಂದು ಸಲ ಬಂದರೆ ಇಡೀ ಗೂಡನ್ನೇ ಬರಿದು ಮಾಡಿ, ಮೂರು ತಲೆಮಾರಿನ ಆಯ್ಕೆಯನ್ನು ಒಂದು ವಾರದಲ್ಲಿ ಮುಗಿಸಿಬಿಡುತ್ತದೆ. ಮರಿಗಳಿಗೆ ಮೊದಲ ವಾರದಲ್ಲಿ ಕಣ್ಣಿಗೆ ಅಥವಾ ಮೂಗಿಗೆ ಹನಿ, ಆರರಿಂದ ಎಂಟು ವಾರದಲ್ಲಿ ಚುಚ್ಚುಮದ್ದು. ಮೃಗಾಸ್ಪತ್ರೆಯಲ್ಲಿ ಕೇಳಿದರೆ ದಿನ ಹೇಳುತ್ತಾರೆ. ಒಂದು ಬುಡ್ಡಿಯಲ್ಲಿ ನೂರು ಕೋಳಿಗಾಗುವಷ್ಟು ಮದ್ದಿರುವುದು ರೂಢಿ. ಹತ್ತು ಕೋಳಿಯ ಮನೆಯವರು ಒಬ್ಬೊಬ್ಬರೇ ತಂದರೆ ಉಳಿದದ್ದೆಲ್ಲ ಚರಂಡಿಗೆ. ಆದ್ದರಿಂದ ವಾರ್ಡಿನ ಗುರ್ಕಾರರು ಮುಂದೆ ನಿಂತು ಏಳೆಂಟು ಮನೆಗಳಿಗೆ ಒಂದೇ ದಿನ ಗೊತ್ತುಮಾಡಲಿ. ಬುಡ್ಡಿಯನ್ನು ಮಂಜುಗಡ್ಡೆಯ ಜೊತೆ ತರಬೇಕು, ಕರಗಿಸಿದ ಮೇಲೆ ಒಂದೆರಡು ಗಂಟೆಯೊಳಗೆ ಕೊಟ್ಟು ಮುಗಿಸಬೇಕು. ಯಾರ ಮನೆಯ ಹುಂಜ ಯಾರ ಗೂಡಿಗೆ ಎಂಬ ಮಾತುಕತೆಯನ್ನೂ ಅಂದೇ ಮುಗಿಸಿಕೊಳ್ಳಬಹುದು. ಹುಂಜಗಳನ್ನು ಮಾತ್ರ ಲಸಿಕೆ ಕೊಟ್ಟು ಎರಡು ವಾರ ಕಳೆದ ಮೇಲೆ ಸಾಗಿಸಿ.